ದಿಗ್ವ್ರತ, ದೂರದೇಶ ಮತ್ತು ಮಗುವಿನ ತಟ್ಟೆ

ಶ್ರಾವಕನಿಗೆ ವಿಹಿತವಾದ ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ತಾನು ಇಂತಿಷ್ಟು ದೂರಕ್ಕಿಂತ ಆಚೆ ಹೋಗುವುದಿಲ್ಲವೆಂದು ಗೃಹಸ್ಥನು ಜೀವಾವಧಿ ಮಾಡಿಕೊಳ್ಳುವ ನಿಯಮವಿದು. ಸಮುದ್ರ, ನದಿ, ಅರಣ್ಯ, ಪರ್ವತ, ಜನಪದ ಮೊದಲಾದ ಪ್ರಸಿದ್ಧ ಗುರುತುಗಳಿಂದ ಈ ಎಲ್ಲೆಯನ್ನು ನಿಶ್ಚಯಿಸಿಕೊಳ್ಳಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿವರಿಸಿದ್ದಾರೆ. ಎಲ್ಲೆಯ ಆಚೆಗೆ ಶ್ರಾವಕನ ಓಡಾಟವಿಲ್ಲ, ವ್ಯವಹಾರವಿಲ್ಲ. ಆದುದರಿಂದ ಅಲ್ಲಿ ಅವನಿಂದ ಹಿಂಸೆಯೂ ಇಲ್ಲ. ಇದು ಆ ವ್ರತದ ಆಶಯ.

ಇಂದು ಈ ವ್ರತವನ್ನು ವಿಧಿವತ್ತಾಗಿ ಸ್ವೀಕರಿಸಿರುವ ಗೃಹಸ್ಥರು ವಿರಳ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಅಡಕೆ ತೋಟದ ಮನೆಗಳಿಂದ ಮಕ್ಕಳು ಓದಿಗಾಗಿ ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿಂದ ಉದ್ಯೋಗವು ಅವರನ್ನು ಹೊರದೇಶಗಳಿಗೆ ಕರೆದೊಯ್ಯುತ್ತದೆ. ವಿಮಾನ ತಯಾರಿಸುವ ಏರ್‌ಬಸ್ ಸಂಸ್ಥೆಯ ಮುಖ್ಯ ನೆಲೆ ಫ್ರಾನ್ಸಿನ ತುಲೂಸ್ ನಗರ. ಅದರ ಎಂಜಿನಿಯರಿಂಗ್ ಕೇಂದ್ರವೊಂದು 2007ರಿಂದ ಬೆಂಗಳೂರಿನಲ್ಲಿಯೂ ಇದೆ. ಹೀಗೆ ತುಂಗೆಯ ದಂಡೆಯಿಂದ ಗರೋನ್ ನದಿಯ ದಂಡೆಗೆ ದಾರಿ ತೆರೆದಿದೆ. ಶೃಂಗೇರಿ ಸಮೀಪದ ಮೆಣಸೆಯಂಥ ಊರಿನ ಜೈನ ಮನೆತನದ ಮಗನೋ ಮಗಳೋ ಏಳೆಂಟು ವರ್ಷದ ಮಗುವನ್ನು ಕರೆದುಕೊಂಡು ಅಂಥ ನಗರಕ್ಕೆ ಹೊರಟರೆಂದು ಭಾವಿಸೋಣ. ಎಲ್ಲೆಯನ್ನು ದಾಟುವ ನಿರ್ಧಾರ ತಂದೆತಾಯಿಗಳದು. ದಾಟಿದ ಮೇಲೆ ವ್ರತದ ಭಾರವನ್ನು ಹೊರಬೇಕಾದವರು ಯಾರು?

ಊರು ಬಿಡುವುದೇ ದೋಷವೆಂದು ನಮ್ಮ ಪರಂಪರೆ ಹೇಳುವುದಿಲ್ಲ. ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡು ಭದ್ರಬಾಹು ಸ್ವಾಮಿಗಳು ಉಜ್ಜಯಿನಿಯಲ್ಲಿ ಅದನ್ನು ಸೂಚಿಸಿದರೆಂದೂ ಸಂಘವು ದಕ್ಷಿಣಾಪಥಕ್ಕೆ ಹೊರಟಿತೆಂದೂ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ ಸುಮಾರು ಕ್ರಿ.ಶ. 600ರ ಶಾಸನ ಸ್ಮರಿಸುತ್ತದೆ. ಆ ಸಂಘವು ನೆಲೆಯನ್ನು ತೊರೆದುದು ಆಚಾರವನ್ನು ಉಳಿಸಿಕೊಳ್ಳುವ ಸಲುವಾಗಿ. ನಾವು ಹೊರಡುವುದು ಸಂಪಾದನೆಯ ಸಲುವಾಗಿ. ನ್ಯಾಯಾರ್ಜಿತವಾದ ಸಂಪಾದನೆ ಗೃಹಸ್ಥನಿಗೆ ನಿಷಿದ್ಧವಲ್ಲ. ಆದರೆ ಉದ್ದೇಶ ಬೇರೆಯಾದಾಗ ಹೊಣೆಯೂ ಬೇರೆಯಾಗುತ್ತದೆ ಎಂಬುದನ್ನು ಮರೆಯಬಾರದು.

ಮಲೆನಾಡಿನಲ್ಲಿಯೂ ನಾವು ಅಲ್ಪಸಂಖ್ಯಾತರೇ. ಆದರೂ ಶೃಂಗೇರಿ ಪೇಟೆಯ ನಡುವೆ ಪಾರ್ಶ್ವನಾಥ ಬಸದಿಯಿದೆ. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿ ಅಮ್ಮನವರ ಸನ್ನಿಧಿಯೂ ಮಠವೂ ಇವೆ. ಇಲ್ಲಿ ಮಾಂಸವನ್ನು ಮುಟ್ಟದ ಬೇರೆ ಸಮಾಜದ ಮನೆಗಳೂ ಅನೇಕ. ಮಗು ಏನನ್ನು ತಿನ್ನುವುದಿಲ್ಲವೆಂಬುದು ನೆರೆಯವರಿಗೂ ಗೊತ್ತು, ಶಾಲೆಯ ಮೇಷ್ಟರಿಗೂ ಗೊತ್ತು. ವ್ರತದ ಅರ್ಧ ಭಾರವನ್ನು ಊರೇ ಹೊತ್ತಿರುತ್ತದೆ. ಹೊರಡುವ ದಿನದವರೆಗೆ ಇದು ನಮ್ಮ ಗಮನಕ್ಕೆ ಬರುವುದಿಲ್ಲ.

ಫ್ರಾನ್ಸಿನಲ್ಲಿ 2019ರಿಂದ ಮೂರು ವರ್ಷದ ಮಗುವಿಗೂ ಶಿಕ್ಷಣ ಕಡ್ಡಾಯ. ಹದಿನಾರು ತುಂಬುವವರೆಗೆ ಅದು ನಡೆಯಬೇಕು. ಮನೆಯಲ್ಲಿಯೇ ಕಲಿಸುತ್ತೇವೆಂದರೆ 2022ರಿಂದ ಸರ್ಕಾರದ ಪೂರ್ವಾನುಮತಿ ಬೇಕು. ಪ್ರಾಥಮಿಕ ಶಾಲೆಗೆ ಮಗುವಿನ ಹೆಸರನ್ನು ನಗರಸಭೆಯಲ್ಲಿ ನೋಂದಾಯಿಸಬೇಕು. ಶಾಲೆಯ ಕ್ಯಾಂಟೀನನ್ನು ನಡೆಸುವುದೂ ನಗರಸಭೆಯೇ. ವಾರಕ್ಕೊಂದು ಬಾರಿಯಾದರೂ ಸಸ್ಯಾಹಾರದ ಊಟವಿರಬೇಕೆಂಬ ನಿಯಮ 2019ರ ನವೆಂಬರಿನಲ್ಲಿ ಪ್ರಯೋಗವಾಗಿ ಬಂದು, 2021ರ ಕಾನೂನಿನಿಂದ ಸ್ಥಿರವಾಯಿತು. ಆ ಊಟದಲ್ಲಿಯೂ ಮೊಟ್ಟೆಗೆ ಅಡ್ಡಿಯಿಲ್ಲ. ಕೆಲವು ನಗರಗಳು ದಿನವೂ ಮಾಂಸರಹಿತ ಊಟವನ್ನು ಕೊಡುತ್ತವೆ. ಅದರಲ್ಲಿ ಮೀನು ಇರಬಹುದು. ಧಾರ್ಮಿಕ ಕಾರಣಕ್ಕೆ ಬದಲಿ ಊಟ ಕೊಡಲೇಬೇಕೆಂದೂ ಇಲ್ಲ, ಕೊಡಬಾರದೆಂದೂ ಇಲ್ಲವೆಂದು ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯವು 2020ರ ಡಿಸೆಂಬರಿನಲ್ಲಿ ತೀರ್ಮಾನಿಸಿದೆ. ಚೀಸ್‌ಗಳಲ್ಲಿ ಹಲವಕ್ಕೆ ಕರುವಿನ ಜಠರದಿಂದ ತೆಗೆದ ಹೆಪ್ಪನ್ನು ಹಾಕುತ್ತಾರೆ. ಮಿಠಾಯಿಗಳಲ್ಲಿ ಜೆಲಟಿನ್ ಇರುತ್ತದೆ. ಹೊಸದಾಗಿ ಬಂದ ಮಗುವಿಗೆ ಶಾಲೆಯಲ್ಲಿ ಫ್ರೆಂಚ್ ಕಲಿಸುವ ವಿಶೇಷ ವ್ಯವಸ್ಥೆ ಉಂಟಾದರೂ ಮೊದಲ ತಿಂಗಳುಗಳಲ್ಲಿ ಅದಕ್ಕೆ ಮಾತೇ ಬಾರದು. ತಟ್ಟೆಯಲ್ಲಿ ಏನಿದೆಯೆಂದು ಕೇಳಲೂ ತಿಳಿಯದು, ಬೇಡವೆಂಬುದಕ್ಕೆ ಕಾರಣ ಹೇಳಲೂ ತಿಳಿಯದು. ತಾನು ಆರಿಸಿಕೊಳ್ಳದ ಊರಿನಲ್ಲಿ, ತಾನು ಸ್ವೀಕರಿಸದ ವ್ರತವನ್ನು ಮಗು ಒಂಟಿಯಾಗಿ ಪಾಲಿಸಬೇಕಾಗುತ್ತದೆ.

ಮನೆಯ ಬುತ್ತಿಯನ್ನು ಕಳುಹಿಸೋಣವೆಂದರೆ ಅಲ್ಲಿನ ಪ್ರಾಥಮಿಕ ಶಾಲೆಯ ಕ್ಯಾಂಟೀನುಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಅವಕಾಶವಿಲ್ಲ. ಅಲರ್ಜಿಯಂಥ ಆರೋಗ್ಯದ ಕಾರಣವಿದ್ದು, ವೈದ್ಯರ ಪತ್ರದೊಡನೆ ಶಾಲೆಯ ಜೊತೆ ಒಪ್ಪಂದವಾದರೆ ಮಾತ್ರ ಬುತ್ತಿಗೆ ಅನುಮತಿ. ಇಲ್ಲಿಯೇ ಧರ್ಮಸಂಕಟ ಹುಟ್ಟುತ್ತದೆ. ಮಗುವಿಗೆ ಮೊಟ್ಟೆ, ಮೀನು ಆಗದೆಂದು ಒಂದು ಪತ್ರ ಪಡೆದುಬಿಟ್ಟರೆ ಎಲ್ಲವೂ ಸುಲಭ. ಯಾರಿಗೂ ನಷ್ಟವಿಲ್ಲ, ಅಹಿಂಸೆ ಉಳಿಯಿತು. ಹೀಗೆ ಯೋಚಿಸುವ ತಂದೆತಾಯಿಗಳನ್ನು ದುಷ್ಟರೆನ್ನಲಾಗದು. ಆದರೆ ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಪತ್ರವನ್ನು ಮಾಡುವುದನ್ನು, ಹೆಸರು ಹಿಡಿದು ಹೇಳಿದೆ. ಒಂದು ಅಣುವ್ರತವನ್ನು ಕಾಯುವುದಕ್ಕೆ ಇನ್ನೊಂದನ್ನು ಮುರಿಯಬಹುದೇ?

ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ನುಡಿಯಬಾರದೆಂದು ಸಮಂತಭದ್ರಾಚಾರ್ಯರೇ ಹೇಳಿದ್ದಾರಲ್ಲ ಎಂದು ಕೆಲವರು ಕೇಳಬಹುದು. ಆ ಮಾತಿನ ವ್ಯಾಪ್ತಿ ಬೇರೆ. ಮತ್ತೊಂದು ಜೀವಿಯ ರಕ್ಷಣೆಗಾಗಿ ಸತ್ಯವನ್ನು ನುಡಿಯದಿರುವುದು ಒಂದು; ತನ್ನ ಅನುಕೂಲಕ್ಕಾಗಿ ಸುಳ್ಳನ್ನು ಬರೆಸುವುದು ಇನ್ನೊಂದು. ಬೇರೆ ದಾರಿಯೇ ಇಲ್ಲದಿದ್ದರೆ ವಾದಕ್ಕೆ ಎಡೆಯಿತ್ತು. ಇಲ್ಲಿ ಬೇರೆ ದಾರಿಯಿದೆ. ಅಲ್ಲದೆ ಆ ಸುಳ್ಳನ್ನು ದಿನದಿನವೂ ನಡೆಸಬೇಕಾದುದು ಮಗುವೇ. ಗೆಳೆಯರು ಕೇಳಿದಾಗ ಇಲ್ಲದ ರೋಗವನ್ನು ಹೇಳಬೇಕು. ತನ್ನ ಧರ್ಮವೆಂದರೆ ಮುಚ್ಚಿಡಬೇಕಾದ ಒಂದು ಕಾಯಿಲೆಯೆಂದು ಅದು ಕಲಿಯುತ್ತದೆ.

ಬೇರೆ ದಾರಿ ಯಾವುದು? ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಮಧ್ಯಾಹ್ನದ ಬಿಡುವು ಒಂದೂವರೆ ಗಂಟೆಗಿಂತ ಕಡಿಮೆ ಇರುವಂತಿಲ್ಲ. ಕ್ಯಾಂಟೀನಿನ ಊಟ ಕಡ್ಡಾಯವಲ್ಲ. ಮಗುವನ್ನು ಮನೆಗೆ ಕರೆತಂದು ಉಣಿಸಿ ಮರಳಿ ಬಿಡಬಹುದು. ಇದಕ್ಕೆ ಮನೆ ಶಾಲೆಯ ಹತ್ತಿರವಿರಬೇಕು, ಬಾಡಿಗೆ ಹೆಚ್ಚಾದೀತು. ತಂದೆ ಅಥವಾ ತಾಯಿ ಅರ್ಧ ದಿನದ ಕೆಲಸಕ್ಕೆ ಒಪ್ಪಬೇಕಾದೀತು, ಸಂಬಳ ಕಡಿಮೆಯಾದೀತು. ತಾಯಿಯೇ ಬಿಡಬೇಕೆಂಬ ನಿಯಮವೇನೂ ಇಲ್ಲ. ವ್ರತಕ್ಕೆ ಬೆಲೆಯುಂಟು, ಅದನ್ನು ಮಗು ಒಂಟಿತನದಿಂದ ತೆರಬಾರದು, ಸತ್ಯವನ್ನು ಬಲಿಕೊಟ್ಟೂ ತೆರಬಾರದು. ಎಲ್ಲೆಯನ್ನು ದಾಟಿದವರು ತಮ್ಮ ಸಂಪಾದನೆಯ ಒಂದಂಶದಿಂದ ತೆರಬೇಕು. ಪರಿಗ್ರಹ ಪರಿಮಾಣವೆಂಬ ಐದನೆಯ ಅಣುವ್ರತಕ್ಕೆ ಇದಕ್ಕಿಂತ ಸಹಜವಾದ ಸಂದರ್ಭ ಸಿಗದು.

ಮಗು ಅಲ್ಲಿಯವರಂತೆಯೇ ಉಣ್ಣಲಿ, ದೊಡ್ಡದಾದ ಮೇಲೆ ತಾನೇ ನಿರ್ಧರಿಸಲಿ ಎಂಬ ಉದಾರಮತವೂ ಕೇಳಿಬರುತ್ತದೆ. ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಗೆಯಲ್ಲಿಯೂ ಕರ್ಮಬಂಧವಾಗುತ್ತದೆಂಬುದು ನಮ್ಮ ಸಿದ್ಧಾಂತ. ಮಗುವಿನ ತಟ್ಟೆಗೆ ಬಿದ್ದುದು ತಂದೆತಾಯಿಗಳ ಪಾಲಿಗೆ ಕಾರಿತವೇ. ನಿರ್ಧರಿಸದೆ ಸುಮ್ಮನಿರುವುದೂ ಒಂದು ನಿರ್ಧಾರ. ರುಚಿ ಅಂಟಿದ ಮೇಲೆ ಬರುವ ಸ್ವಾತಂತ್ರ್ಯ ಪೂರ್ಣ ಸ್ವಾತಂತ್ರ್ಯವಲ್ಲ.

ಇದಕ್ಕೆ ವಿರುದ್ಧವಾದ ಕಾಠಿಣ್ಯವೂ ಸಲ್ಲದು. ಗೆಳೆಯನ ಹುಟ್ಟುಹಬ್ಬದಲ್ಲಿ ತಿಳಿಯದೆ ಜೆಲಟಿನ್ ಇರುವ ಮಿಠಾಯಿಯನ್ನು ತಿಂದು ಬಂದ ಮಗುವನ್ನು ಪಾಪಿಯೆಂದು ಗದರಿಸಿದರೆ ನಾಳೆ ಅದು ಹೇಳದೆ ತಿನ್ನುವುದನ್ನು ಕಲಿಯುತ್ತದೆ. ಪ್ರಮತ್ತಯೋಗದಿಂದಾಗುವ ಪ್ರಾಣಹಾನಿಯೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ ಲಕ್ಷಣ. ಅಲ್ಲಿ ಪ್ರಮಾದವೇನಾದರೂ ಇದ್ದರೆ ಅದು ಮೊದಲೇ ತಿಳಿಸಿಕೊಡದ ಹಿರಿಯರದು. ಮಗುವಿಗೆ ಕಾರಣವನ್ನು ಹೇಳಬೇಕು. ರಾತ್ರಿಭೋಜನ ತ್ಯಾಗವನ್ನೇ ನೋಡಿ: ಮೆಣಸೆಯಲ್ಲಿ ವರ್ಷವಿಡೀ ಸೂರ್ಯಾಸ್ತ ಆರರಿಂದ ಏಳರೊಳಗೆ. ತುಲೂಸಿನಲ್ಲಿ ಡಿಸೆಂಬರಿನ ಸೂರ್ಯ ಸಂಜೆ ಐದೂಕಾಲರ ಸುಮಾರಿಗೆ ಮುಳುಗುತ್ತಾನೆ, ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತೂವರೆಗೆ. ಗಡಿಯಾರವನ್ನು ನೋಡಿ ಉಣ್ಣುವವನಿಗೆ ಇದು ಗೊಂದಲ. ಸೂಕ್ಷ್ಮಜೀವಿಗಳು ಕಣ್ಣಿಗೆ ಬೀಳುವಷ್ಟು ಬೆಳಕಿರಬೇಕೆಂಬ ಕಾರಣ ತಿಳಿದ ಮಗುವಿಗೆ ಗೊಂದಲವಿಲ್ಲ. ಯಾವ ಅಕ್ಷಾಂಶದಲ್ಲಿಯೂ ಅದು ನಡೆದುಕೊಳ್ಳಬಲ್ಲದು.

ಕಲಿಸುವುದಕ್ಕೆ ಕಾಲವೂ ಅಲ್ಲಿಯೇ ಸಿಗುತ್ತದೆ. ಸರ್ಕಾರಿ ಶಾಲೆಯಿಂದ ಮತಬೋಧನೆಯನ್ನು ಹೊರಗಿಟ್ಟ 1882ರ ಕಾನೂನೇ, ತಂದೆತಾಯಿಗಳು ಬಯಸಿದರೆ ಶಾಲೆಯ ಹೊರಗೆ ಧರ್ಮವನ್ನು ಕಲಿಸಲೆಂದು ಭಾನುವಾರವಲ್ಲದೆ ವಾರಕ್ಕೊಂದು ದಿನವನ್ನು ಬಿಟ್ಟುಕೊಟ್ಟಿತು. ಮೊದಲು ಗುರುವಾರವಿದ್ದ ಆ ಬಿಡುವು 1972ರಲ್ಲಿ ಬುಧವಾರಕ್ಕೆ ಬಂದಿತು. ಈಗಲೂ ಪ್ರಾಥಮಿಕ ಶಾಲೆಗಳಿಗೆ ಬುಧವಾರ ಇಡೀ ದಿನ ಅಥವಾ ಮಧ್ಯಾಹ್ನದ ಮೇಲೆ ಬಿಡುವಿರುತ್ತದೆ. ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನ ಎರಡಾದಾಗ ಇಲ್ಲಿ ಸಂಜೆ ಆರೂವರೆ. ಊರಿನ ಅಜ್ಜ ಅಜ್ಜಿಯರು ದೂರವಾಣಿಯಲ್ಲಿ ಣಮೋಕಾರವನ್ನೂ ತೀರ್ಥಂಕರರ ಕಥೆಗಳನ್ನೂ ಕನ್ನಡದಲ್ಲಿಯೇ ಹೇಳಿಕೊಡಬಹುದು.

ನಮ್ಮ ಬಸದಿಗಳ ಆಡಳಿತ ಮಂಡಳಿಗಳೂ ಇದನ್ನು ತಮ್ಮ ಕೆಲಸವೆಂದು ತಿಳಿಯಬೇಕು. ಹೊರಟ ಕುಟುಂಬಕ್ಕೆ ಹಾರ ಹಾಕಿ ಬೀಳ್ಕೊಡುವುದರ ಜೊತೆಗೆ, ಜೈನರು ಏನನ್ನು ಉಣ್ಣುತ್ತಾರೆ, ಏನನ್ನು ಏಕೆ ಉಣ್ಣುವುದಿಲ್ಲ ಎಂಬ ಒಂದು ಪುಟದ ವಿವರವನ್ನು ಫ್ರೆಂಚ್, ಇಂಗ್ಲಿಷ್ ಭಾಷೆಗಳಲ್ಲಿ ಸಿದ್ಧಪಡಿಸಿ ಕೊಡಬಹುದು. ಅದನ್ನು ಶಿಕ್ಷಕರ ಕೈಗಿತ್ತರೆ ಸುಳ್ಳು ಪತ್ರದ ಪ್ರಮೇಯವೇ ಬಾರದು. ಶಾಲೆ ಒಪ್ಪದಿದ್ದರೂ ನಾವು ನುಡಿದುದು ಸತ್ಯವಾಗಿರುತ್ತದೆ. ಹೊರಡುವ ತಂದೆತಾಯಿಗಳು ಸಂಬಳದ ಲೆಕ್ಕದೊಡನೆ ಮಗುವಿನ ಮಧ್ಯಾಹ್ನದ ಊಟದ ಲೆಕ್ಕವನ್ನೂ ಹಾಕಲಿ. ಹೊಸ ದಿಕ್ಕಿನಲ್ಲಿ ಎಲ್ಲೆಯನ್ನು ಎಷ್ಟು ವಿಸ್ತರಿಸಿಕೊಳ್ಳುತ್ತೇವೆಯೋ ಅಷ್ಟು ಹೊಣೆಯನ್ನೂ ವಿಸ್ತರಿಸಿಕೊಂಡವರಿಗೆ ಮಾತ್ರ ಆ ಪ್ರಯಾಣ ಧರ್ಮಸಮ್ಮತವಾಗುತ್ತದೆ.