ಜರಾ ಸರೀರಿ

ಬೀದರಿನ ಕೆಂಪು ಜಂಬಿಟ್ಟಿಗೆಯ ದಿಬ್ಬ ಇಳಿದು ಔರಾದಿನ ದಾರಿ ಹಿಡಿದರೆ ಮಾಂಜ್ರಾ ಎದುರಾಗುತ್ತದೆ, ನೆಲ ಕಪ್ಪಾಗುತ್ತದೆ. ಭಾಲ್ಕಿಯ ಕಡೆಗೂ ಹೊಲಗಳದ್ದು ಅದೇ ಎರೆಯ ಬಣ್ಣ. ಈ ದಾರಿಗಳಲ್ಲಿ ಎರಡು ಕಾಲದ ಎರಡು ಕಾರುಗಳು ನಮ್ಮನ್ನು ಹೊತ್ತು ತಿರುಗಿದವು. ಅಂಬಾಸಿಡರ್ ಮೇಲೋ, ಮಾರುತಿ 800 ಮೇಲೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಆದರೆ ನಾವು ಕೇಳಿಕೊಳ್ಳಬೇಕಾದದ್ದು ಬೇರೆಯೇ ಅಲ್ಲವೇ? ಅವುಗಳಲ್ಲಿ ಕೂತು ನಾವು ಎಂಥವರಾದೆವು?

ಹಳೆಯ ಅಂಬಾಸಿಡರಿನ ಮುಂದಿನ ಸೀಟು ಬೆಂಚಿನಂತೆ ಒಂದೇ ಉದ್ದ. ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇದ್ದುದರಿಂದ ನಡುವೆ ಇನ್ನೊಬ್ಬರ ಕಾಲಿಗೆ ಎಡೆಯಿತ್ತು. ಭಾಲ್ಕಿಯ ಮದುವೆಗೆ ಹೊರಟ ಕಾರಿನಲ್ಲಿ ತಲೆ ಎಣಿಸಿದವರು ಯಾರು? 'ಜರಾ ಸರೀರಿ' ಎಂದರೆ ಸಾಕು, ಜಾಗ ಹುಟ್ಟುತ್ತಿತ್ತು. ಹಾಗೆಂದು ಆ ಕಾಲವನ್ನು ಹೊಗಳಿ ಸುಮ್ಮನಾಗಲೂ ಬಾರದು. ಕಾರು ಸಾಹೇಬರದು, ಇಲ್ಲವೇ ಗೌಡರದು. ಹತ್ತಿಸಿಕೊಂಡರೆ ಅವರ ದೊಡ್ಡಸ್ತಿಕೆ, ಬಿಟ್ಟು ಹೋದರೆ ನಮ್ಮ ಹಣೆಬರಹ.

1983ರಲ್ಲಿ ಬಂದ ಮಾರುತಿ ಆ ಹಂಗನ್ನು ಹರಿಯಿತು. 796 ಸಿಸಿಯ ಪುಟ್ಟ ಎಂಜಿನ್ನು, ಹಗುರಾದ ಮೈ. ಬರಬರುತ್ತ ಸಾಲ ಮಾಡಿಯಾದರೂ ಮೇಷ್ಟ್ರು ಕಾರಿನ ಒಡೆಯರಾದರು. ಹಿಂದಿನ ಸೀಟಿನ ಅಂಚಿನಲ್ಲಿ ಮುದುಡಿ ಕೂರುತ್ತಿದ್ದ ಹೆಣ್ಣುಮಗಳು ಸ್ಟೇರಿಂಗ್ ಹಿಡಿದಳು. ಇದು ಸಣ್ಣ ಬಿಡುಗಡೆಯೇ? ಆದರೆ ನಾಲ್ವರು ಕೂತು ಬಾಗಿಲು ಹಾಕಿಕೊಂಡ ಮೇಲೆ, ಔರಾದಿನ ದಾರಿಯಲ್ಲಿ ಬಸ್ಸಿಗೆ ಕಾದು ನಿಂತವರನ್ನು ಕಂಡೂ ಕಾಣದಂತೆ ಮುಖ ತಿರುಗಿಸುವುದನ್ನೂ ನಾವು ಆಗಲೇ ಕಲಿತೆವು.

ಒಂದು ಕೂಡಿ ಬಾಳುವುದನ್ನು ಕಲಿಸಿತು, ಹಂಗನ್ನೂ ಉಳಿಸಿತು. ಇನ್ನೊಂದು ಹಂಗು ಬಿಡಿಸಿತು, ನೆರೆಯನ್ನೂ ದೂರ ಮಾಡಿತು. ವಿಚಿತ್ರವೆಂದರೆ ಎರಡರ ತಯಾರಿಕೆಯೂ ನಿಂತದ್ದು ಒಂದೇ ವರ್ಷ, 2014ರಲ್ಲಿ. ಕಾಲ ಯಾರ ಪರವಾಗಿಯೂ ತೀರ್ಪು ಕೊಡಲಿಲ್ಲ.

ತೀರ್ಪು ಬೇಕೆಂದರೆ ಮಳೆಗಾಲದ ಎರೆಯನ್ನೇ ಕೇಳಬೇಕು. ಚಕ್ರ ಹೂತು ಗರಗರ ತಿರುಗುವಾಗ ಅಂಬಾಸಿಡರಿನ ಗತ್ತೂ ಇಲ್ಲ, ಮಾರುತಿಯ ಚುರುಕೂ ಇಲ್ಲ. ಹೊಲದಲ್ಲಿದ್ದವರು ಕಾರು ಯಾರದೆಂದು ಕೇಳದೆ ಬಂದು ಹೆಗಲು ಕೊಡುತ್ತಾರೆ. ಗಾಡಿ ಮೇಲೆ ಬರುತ್ತದೆ. ಅವರೂ ಮುಂದಿನ ಊರಿಗೇ ಹೋಗುವವರು. ಆದರೆ ಕಾಲ ಕೆಸರು ನೋಡಿಕೊಂಡು ಬಾಗಿಲ ಬಳಿ ಹಿಂಜರಿದು ನಿಲ್ಲುತ್ತಾರೆ.

ಆಗ ಒಳಗೆ ಕೂತವರತ್ತ ತಿರುಗಿ 'ಜರಾ ಸರೀರಿ' ಎನ್ನುತ್ತೇವೆಯೇ?