ಹೊಗೆ ಯಾರದು?

ನಮ್ಮ ಅಡಿಗೆಮನೆಯ ಕಿಟಕಿ ನಾಲ್ಕು ವರ್ಷದಿಂದ ಮುಚ್ಚಿಯೇ ಇತ್ತು. ಕಾರಣ, ಪಕ್ಕದ ಮನೆಯ ಬಚ್ಚಲೊಲೆ. ತಿಪಟೂರಿನಂಥ ಊರಿನಲ್ಲಿ ತೆಂಗಿನ ಮಟ್ಟೆಗೆ ಬರವೇ? ಬೆಳಗಾಗುವ ಮೊದಲೇ ಆಕೆ ಹಂಡೆಗೆ ಉರಿ ಹಾಕಿದರೆ ಹೊಗೆಯೆಲ್ಲ ನಮ್ಮ ಮನೆಗೆ. ಮೊಮ್ಮಗನಿಗೆ ಉಬ್ಬಸ ಶುರುವಾದಾಗ ನಾನು ಕಾಂಪೌಂಡಿನ ಈಚೆಯಿಂದಲೇ, "ನಿಮ್ಮ ಒಲೆ ನಮ್ಮ ಮಗುವಿನ ಎದೆ ಸುಡ್ತಿದೆ ಕಣ್ರೀ" ಎಂದುಬಿಟ್ಟೆ. ಅಂದಿನಿಂದ ಮಾತಿಲ್ಲ.

ಈಚೆಗೆ ತಂಗಿಯ ಮಗಳು ಬಂದಿದ್ದಳು. ಗಾಳಿಯ ಧೂಳನ್ನು ಅಳೆಯುವುದೇ ಅವಳ ಓದು. ಅವಳ ಚೀಲದಿಂದ ಯಂತ್ರವೊಂದು ಹೊರಬಂದಾಗ, ಸಾಕ್ಷಿ ಸಿಕ್ಕಿತಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು.

ನಮ್ಮ ದೇಶದ 2009ರ ಮಾನದಂಡ ಧೂಳನ್ನು ತೂಗಿ ಹೇಳುತ್ತದಂತೆ. ಆದರೆ ಮೈಕ್ರಾನಿನ ಹತ್ತರಲ್ಲೊಂದು ಪಾಲಿಗಿಂತ ಸಣ್ಣ ಕಣಗಳಿಗೆ ತೂಕವೇ ಇಲ್ಲವೆನ್ನಬೇಕು, ಅವನ್ನು ಎಣಿಸಬೇಕು. ಕಾಣದ್ದನ್ನು ಎಣಿಸುವುದು ಹೇಗೆ? ಗಾಳಿಯನ್ನು ಆಲ್ಕೊಹಾಲ್ ಆವಿಯಲ್ಲಿ ಹಾಯಿಸಿ ತಣಿಸಿದರೆ ಒಂದೊಂದು ಕಣದ ಸುತ್ತಲೂ ಇಬ್ಬನಿಯಂತೆ ಹನಿ ಕಟ್ಟುತ್ತದೆ. ಆ ಹನಿಗಳನ್ನು ಬೆಳಕು ಎಣಿಸುತ್ತದೆ. ಸ್ಕಾಟ್ಲೆಂಡಿನ ಜಾನ್ ಐಟ್ಕನ್ 1880ರ ದಶಕದಲ್ಲೇ ನೀರಾವಿಯಿಂದ ಇದನ್ನು ಮಾಡಿದ್ದನಂತೆ. ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ, ಅಂದರೆ ಕಲ್ಲುಸಕ್ಕರೆ ತುಂಡಿನಷ್ಟು ಜಾಗದಲ್ಲಿ, ದಿನದ ಸರಾಸರಿ 10,000 ದಾಟಿದರೆ ಅದು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ.

ಬಚ್ಚಲೊಲೆಯ ಹೊಗೆಗೆ ಅಂಕಿ ಸರಸರನೆ ಏರಿತು. ನಾನು ಗೆದ್ದವಳಂತೆ ನಕ್ಕೆ. ಒಳಗೆ ಬಂದು ಕಾಫಿಗೆಂದು ಗ್ಯಾಸ್ ಹಚ್ಚಿದೆ. ಹೊಗೆಯಿಲ್ಲದ ನೀಲಿ ಉರಿ. ಅಂಕಿ ಮತ್ತೆ ಹಾರಿತು. ಸಾರಿನ ಒಗ್ಗರಣೆ ಚಟಗುಟ್ಟುವಾಗ ಲಕ್ಷ ದಾಟಿತ್ತು. ದೇವರ ಮುಂದಿನ ಊದುಬತ್ತಿಯನ್ನು ಅಳೆಯುವುದು ಬೇಡವೆಂದೆ. ಅವಳು ಕೇಳಲಿಲ್ಲ.

"ಇಷ್ಟರಲ್ಲಿ ಯಾರದ್ದು ಎಷ್ಟು, ಹೇಳು" ಎಂದೆ.

"ಈ ಯಂತ್ರಕ್ಕೆ ಎಣಿಸೋದು ಮಾತ್ರ ಗೊತ್ತು ದೊಡ್ಡಮ್ಮ. ಮೂಲ ಹುಡುಕೋದಕ್ಕೆ ಬೇರೆ ಪರೀಕ್ಷೆ ಬೇಕು." ಸೌದೆ ಸುಟ್ಟರೆ ಲೆವೊಗ್ಲುಕೋಸಾನ್ ಎಂಬ ವಸ್ತು ಗುರುತು ಬಿಡುತ್ತದೆ, ಡೀಸೆಲ್ ಹೊಗೆಯಲ್ಲಿ ಕಪ್ಪು ಇಂಗಾಲ, ಗ್ಯಾಸಿನ ಉರಿಯ ಕಣಗಳು ತೀರಾ ಸಣ್ಣವು. ಗಾತ್ರ, ಹೊತ್ತು, ಜೊತೆಗಿರುವ ವಸ್ತು ನೋಡಿ ಪಾಲು ಲೆಕ್ಕ ಹಾಕುತ್ತಾರೆ. "ಪಾಲು ಹೇಳಬಹುದು. ತಪ್ಪು ಯಾರದು ಅಂತ ಕೇಳಬೇಡಿ."

ನಾನು ಕೇಳುತ್ತಿದ್ದುದು ಅದನ್ನೇ. ಆಕೆಗೆ ಮಟ್ಟೆ ಪುಕ್ಕಟೆ, ಸಿಲಿಂಡರ್ ದುಬಾರಿ. ನನಗೆ ಕಿಟಕಿ ತೆಗೆಯಲು ಕಾಸು ಬೇಕಿರಲಿಲ್ಲ. ಹಾಗೆಂದು ಆಕೆಯ ಒಲೆ ನಿರಪರಾಧಿಯೂ ಅಲ್ಲ. ತೂಗಿದರೆ ಅವರ ಹೊಗೆಯೇ ಭಾರ, ಮಗು ಕೆಮ್ಮಿದ್ದೂ ನಿಜ. ನನ್ನ ಒಗ್ಗರಣೆಯಿಂದ ಅವರ ಹೊಗೆ ಕಡಿಮೆಯಾಗುವುದಿಲ್ಲ. ಇಬ್ಬರಿಗೂ ಗೊತ್ತಿರಲಿಲ್ಲ ಎಂದು ಕೈತೊಳೆದುಕೊಳ್ಳಬಹುದೇ? ಆಕೆಗೆ ನಿಜವಾಗಿ ಗೊತ್ತಿರಲಿಲ್ಲ. ನಾನೋ, ಉತ್ತರ ಪಕ್ಕದ ಮನೆಯಲ್ಲಿ ಸಿದ್ಧವಾಗಿತ್ತಾದ್ದರಿಂದ ನನ್ನ ಮನೆಯ ಕಡೆ ನೋಡಿರಲೇ ಇಲ್ಲ. ಅವರ ಹೊಗೆ ಬರಬಾರದೆಂದು ಮುಚ್ಚಿದ ಕಿಟಕಿಯೊಳಗೆ, ನಾಲ್ಕು ವರ್ಷ ನನ್ನದನ್ನೇ ಕೂಡಿಟ್ಟು ಮಗುವಿಗೆ ಉಣಿಸಿದ್ದೆ.

ಮರುದಿನ ಹಂಡೆಯ ಉರಿ ಆರಿದ ಮೇಲೆ ಕಿಟಕಿಯ ಚಿಲಕ ಎಳೆದೆ. ತುಕ್ಕು ಹಿಡಿದಿತ್ತು, ಸುತ್ತಿಗೆಯಿಂದ ಬಡಿಯಬೇಕಾಯಿತು. ಸದ್ದಿಗೆ ಆಕೆ ಹೊರಗೆ ಬಂದರು. ಏನು ಹೇಳಬೇಕೋ ತೋಚಲಿಲ್ಲ.

"ಇಂಗಿನ ಒಗ್ಗರಣೆಯೇನ್ರೀ?" ಎಂದು ಅವರೇ ಕೇಳಿದರು.