ಕತ್ತೆಯೂ ಕಾರಣವೇ?

ಡಚ್ಚರ ಹಡಗುಗಳ ಚಿತ್ರಸಂಪುಟವೊಂದನ್ನು ಈಚೆಗೆ ನೋಡುವ ಯೋಗವೊದಗಿತು. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಗೀರುಗಳನ್ನು ಆಮ್ಲದಿಂದ ಕೊರೆಯಿಸಿ, ಮಸಿ ತುಂಬಿ ಕಾಗದಕ್ಕೊತ್ತಿದ ಚಿತ್ರಗಳವು. ಹದಿನೇಳನೆಯ ಶತಮಾನದ ರೈನಿಯರ್ ನೋಮ್ಸನ ಕೃತಿಗಳಲ್ಲಿ ನನ್ನ ಕಣ್ಣು ಬಹಳ ಹೊತ್ತು ನಿಂತಿತು. ಈತನು ತನ್ನನ್ನು ‘ಝೇಮಾನ್’, ಎಂದರೆ ನಾವಿಕ, ಎಂದೇ ಕರೆದುಕೊಂಡವನು. ದೊಡ್ಡ ಹಡಗನ್ನು ಒಂದು ಮಗ್ಗುಲಿಗೆ ವಾಲಿಸಿ, ಹಲಗೆಗಳ ಸಂದಿಗೆ ನಾರು ತುರುಕಿ ಕೀಲೆಣ್ಣೆ ಬಳಿಯುವ ಕೆಲಸವನ್ನು ಅವನು ಎಷ್ಟು ಆದರದಿಂದ ಬರೆದಿರುವನು!

ಬೆಟ್ಟದ ನಾಡಿನವನಿಗೆ ಕಡಲ ಚಿಂತೆಯೇಕೆಂದು ವಾಚಕರು ನಗಬಹುದು. ನಮ್ಮ ಘಟ್ಟವಿಳಿದರೆ ಸಿಗುವ ಕಣ್ಣನೂರಿನ ಕೋಟೆಯು 1663ರಿಂದ 1772ರವರೆಗೆ ಈ ಡಚ್ಚರ ಕೈಯಲ್ಲಿಯೇ ಇದ್ದಿತು. ಆ ಕರಾವಳಿಗೆ ಅವರನ್ನು ಎಳೆದು ತಂದುದು ಕರಿಮೆಣಸು. ನಮ್ಮ ಕಾಡಿನ ಪೂನ್ ಮರವೂ ಹಡಗಿನ ಕೂವೆಕಂಬಕ್ಕೆ ಹೆಸರಾದುದೇ.

ಚಿತ್ರದಲ್ಲಿ ಕಾಣದ ಸಂಗತಿಯೊಂದುಂಟು. 1602ರಲ್ಲಿ ಹುಟ್ಟಿದ ಆ ಜನರ ಕಂಪೆನಿಯು 1621ರಲ್ಲಿ ಜಾಯಿಕಾಯಿಯ ಏಕಸ್ವಾಮ್ಯಕ್ಕಾಗಿ ಬಾಂಡಾ ದ್ವೀಪಗಳ ಮೇಲೆ ಬಿದ್ದಿತು. ನಿವಾಸಿಗಳಲ್ಲಿ ಬಹುಪಾಲು ಜನರು ಹತರಾದರು, ಹಸಿದು ಸತ್ತರು, ಇಲ್ಲವೆ ದಾಸರಾಗಿ ಸಾಗಿಸಲ್ಪಟ್ಟರು. ಸೈನಿಕರನ್ನು ಅಲ್ಲಿಗೆ ಒಯ್ದುದು ಹಡಗು. ಹಡಗಿನೊಳಗೆ ನೀರು ನುಗ್ಗದಂತೆ ಕಾದುದು ಸಂದಿ ಮುಚ್ಚಿದವನ ಕೈ. ಆ ಪಾಪದಲ್ಲಿ ಅವನಿಗೆ ಪಾಲುಂಟೆ?

ಪಾಠಶಾಲೆಯಲ್ಲಿ ನಾವು ಉರುಹೊಡೆದ ತರ್ಕವು ಇಂತಹ ಪ್ರಶ್ನೆಗೆ ಸಿದ್ಧವಾದ ಉತ್ತರವನ್ನು ಕೊಡುತ್ತದೆ. ಗಡಿಗೆಗೆ ಮಣ್ಣು ಸಮವಾಯಿಕಾರಣ, ಕುಂಬಾರನು ನಿಮಿತ್ತಕಾರಣ. ಮಣ್ಣು ಹೊತ್ತು ತಂದ ಕತ್ತೆಯಾದರೋ ಅನ್ಯಥಾಸಿದ್ಧ, ಕಾರಣಗಳ ಲೆಕ್ಕಕ್ಕೆ ಸೇರದು. (ಇದನ್ನು ಕೇಳಿ ನಾವು ಹುಡುಗರು ಕತ್ತೆಯ ಪರವಾಗಿ ವಾದಿಸಿ ಬೈಸಿಕೊಂಡುದುಂಟು.) ಹಾಗಾದರೆ ಸಂದಿ ಮುಚ್ಚಿದವನೂ ಕತ್ತೆಯಂತೆ ನಿರ್ದೋಷಿಯೆ? ಕತ್ತೆಗೆ ಗಡಿಗೆಯ ಸುದ್ದಿ ಬೇಕಿಲ್ಲ. ಮನುಷ್ಯನು ಹಡಗು ಎಲ್ಲಿಗೆ ಹೊರಟಿದೆಯೆಂದು ಕೇಳಬಲ್ಲನು. ಆದರೆ ಕೇಳಿದವನಿಗೆ ಮರುದಿನದ ಕೂಲಿ ಸಿಕ್ಕೀತೆ? ಮನೆಯಲ್ಲಿ ಹಸಿದ ಮಕ್ಕಳನ್ನಿಟ್ಟುಕೊಂಡವನನ್ನು, ಬೆಚ್ಚಗೆ ಕುಳಿತು ಚಿತ್ರ ನೋಡುವ ನಾನು ದೂಷಿಸಲಾರೆ.

ನನ್ನನ್ನೇ ನಾನು ಬಿಡುವುದು ಮಾತ್ರ ಅಷ್ಟು ಸುಲಭವಲ್ಲ. ಶಾಲೆಯಲ್ಲಿ ಅನೇಕ ವರ್ಷ ಬಡ್ಡಿ ಲೆಕ್ಕವನ್ನು ಕಲಿಸಿದೆನು. ಅದರಲ್ಲಿ ಬಹು ಜಾಣನಾಗಿದ್ದ ಹುಡುಗನೊಬ್ಬನು ಮುಂದೆ ಅದೇ ಲೆಕ್ಕದಿಂದ ನೆರೆಯ ವಿಧವೆಯೊಬ್ಬಳ ಗದ್ದೆಯನ್ನು ತನ್ನ ಹೆಸರಿಗೆ ಬರೆಸಿಕೊಂಡನು. ದಾರಿಯಲ್ಲಿ ಸಿಕ್ಕಾಗ ಇಂದಿಗೂ ಕಾಲುಮುಟ್ಟಿ ನಮಸ್ಕರಿಸಿ, “ಎಲ್ಲ ನಿಮ್ಮ ಆಶೀರ್ವಾದ, ಮೇಷ್ಟ್ರೇ” ಎನ್ನುವನು.

ಸಂಪುಟವನ್ನು ಹಿಂದಿರುಗಿಸುವ ಮುನ್ನ ಆ ಪುಟವನ್ನು ಮತ್ತೊಮ್ಮೆ ತೆರೆದೆನು. ಹಡಗು ಇನ್ನೂ ಮಗ್ಗುಲಾಗಿಯೇ ಮಲಗಿದ್ದಿತು.